ತಿದ್ದುವ ಕೈ

ಇಪ್ಪತ್ತೆಂಟು ವರ್ಷಗಳಿಂದ ಕೆಂಪು ಶಾಯಿಯ ಪೆನ್ನು ಹಿಡಿದು ಬದುಕಿದವಳು ನಾನು. ನಮ್ಮ ಮುಳಬಾಗಿಲು ಸೀಮೆಯ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡನ್ನೂ ಕಲಸಿ ಮಾತಾಡುವವರು. ಅವರ ಬಾಯಲ್ಲಿ ‘ಹಾಲು’ ‘ಆಲು’ ಆಗುತ್ತದೆ, ‘ಹಾಡು’ ‘ಆಡು’ ಆಗುತ್ತದೆ. ಬರೆಯುವಾಗಲೂ ಹಾಗೆಯೇ ಬರೆಯುತ್ತಾರೆ. ನಾನು ಸುತ್ತು ಹಾಕುತ್ತೇನೆ, ಪಕ್ಕದಲ್ಲಿ ಸರಿಯಾದ ರೂಪ ಬರೆಯುತ್ತೇನೆ, ಐದು ಸಲ ಬರೆದುಕೊಂಡು ಬಾ ಎನ್ನುತ್ತೇನೆ. ಈ ಕೆಲಸದ ಬಗ್ಗೆ ನನಗೆ ಎಂದೂ ಅನುಮಾನ ಬಂದಿರಲಿಲ್ಲ. ತಪ್ಪು ತಪ್ಪೇ, ಅದನ್ನು ತಿದ್ದುವುದು ನನ್ನ ಧರ್ಮ, ಅದಕ್ಕೆ ಸರ್ಕಾರ ಸಂಬಳ ಕೊಡುತ್ತದೆ. ಆದರೆ ಯಾರು ತಿದ್ದಬಹುದು, ಎಷ್ಟು ತಿದ್ದಬಹುದು, ತಿದ್ದಿದ ಮೇಲೆ ಉಳಿಯುವುದು ಯಾರದು ಎಂಬ ಪ್ರಶ್ನೆಗಳು ಹುಟ್ಟಿದ್ದು ಐವತ್ತು ದಾಟಿದ ಮೇಲೆ, ಮಾಲೂರಿನ ಒಂದು ಸಣ್ಣ ಕೋಣೆಯಲ್ಲಿ, ಸ್ಲೇಟಿನಷ್ಟು ಅಗಲದ ಒಂದು ಯಂತ್ರದ ಮುಂದೆ ಕುಳಿತಾಗ.

ನನಗೊಬ್ಬಳು ಸೋದರತ್ತೆ ಇದ್ದಳು. ಅವಳನ್ನು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದರು. ಓದು ಬರಹ ಇಲ್ಲ. ಆದರೆ ರಾಗಿ ಬೀಸುವ ಪದ, ಸೋಬಾನೆ, ಹೆಣ್ಣನ್ನು ಗಂಡನ ಮನೆಗೆ ಕಳಿಸುವ ಹಾಡು, ಇವೆಲ್ಲ ಅವಳ ಗಂಟಲಲ್ಲಿ ಇದ್ದವು. ಒಂದು ಸಾಲು ಕನ್ನಡ, ಮುಂದಿನ ಸಾಲು ತೆಲುಗು. ಯಾವುದು ಎಲ್ಲಿ ಮುಗಿಯಿತು ಎಂದು ಹಾಡುವವರಿಗೂ ಗೊತ್ತಿಲ್ಲ, ಕೇಳುವವರಿಗೂ ಗೊತ್ತಿಲ್ಲ. ಮನೆಯಲ್ಲಿ ಬೀಸುವ ಕಲ್ಲು ಮೂಲೆ ಸೇರಿ ಎಷ್ಟೋ ವರ್ಷಗಳಾಗಿದ್ದವು. ಕಲ್ಲು ನಿಂತ ಮೇಲೆ ಪದ ನಿಲ್ಲುವುದು ಎಷ್ಟು ಹೊತ್ತು? ಅತ್ತೆಗೆ ಎಂಬತ್ತು ದಾಟಿತ್ತು, ಮೇಲೆ ಕೆಮ್ಮು. ಅವಳ ಹಾಡುಗಳನ್ನು ಹಿಡಿದಿಡಬೇಕೆಂದು ನನಗೆ ಆತುರ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಮಾಲೂರಿನಲ್ಲಿದ್ದಾನೆ. ಮದುವೆ ಆರ್ಕೆಸ್ಟ್ರಾಗಳಿಗೆ, ತಮಟೆ ತಂಡಗಳಿಗೆ, ಜಾತ್ರೆಯ ಭಕ್ತಿಗೀತೆಗಳಿಗೆ ಧ್ವನಿಮುದ್ರಣ ಮಾಡಿಕೊಡುವುದು ಅವನ ಕಸುಬು. ಸ್ಟುಡಿಯೋ ಎಂದರೆ ಮಹಡಿಯ ಮೇಲಿನ ಒಂದು ಕೋಣೆ. ಗೋಡೆಗೆ ಹಳೆಯ ಕೌದಿಗಳನ್ನು ಕಟ್ಟಿದ್ದಾನೆ. ಬೆಂಗಳೂರು–ಜೋಲಾರಪೇಟೆ ಮಾರ್ಗದ ರೈಲುಗಳು ಹತ್ತಿರದಲ್ಲೇ ಹೋಗುವುದರಿಂದ ಎರಡು ರೈಲುಗಳ ನಡುವಿನ ಸಮಯ ನೋಡಿಕೊಂಡು ಹಾಡಿಸುತ್ತಾನೆ. ಅವನು 2022ರ ಮೇ ತಿಂಗಳಲ್ಲಿ ಒಂದು ಟ್ಯಾಬ್ಲೆಟ್, ಒಂದು ಮೈಕು, ಬೆರಳೆಣಿಕೆಯಷ್ಟು ವೈರುಗಳನ್ನು ಬ್ಯಾಗಿನಲ್ಲಿ ಹಾಕಿಕೊಂಡು ನನ್ನ ಜೊತೆ ಅತ್ತೆಯ ಊರಿಗೆ ಬಂದ. ಮಾವಿನ ಸುಗ್ಗಿಯ ಕಾಲ. ತೋಪುಗಳಿಂದ ಮಂಡಿಗೆ ಹೋಗುವ ಲಾರಿಗಳು, ಕೋಗಿಲೆ, ಹಿತ್ತಲಲ್ಲಿ ಹಸು, ಜಗುಲಿಯ ಕೆಳಗೆ ಕೋಳಿ. ಇವೆಲ್ಲದರ ನಡುವೆ ಅತ್ತೆ ಕಾಲು ಚಾಚಿ ಕುಳಿತು ಐದು ಹಾಡು ಹೇಳಿದಳು. ನಡುನಡುವೆ ಕೆಮ್ಮಿದಳು. ಒಂದು ಕಡೆ ಮರೆತು, “ತಾಳಪ್ಪಾ, ಬರ್ತದೆ” ಎಂದು ಹೇಳಿ, ನೆನಪಾದ ಮೇಲೆ ಮುಂದುವರಿಸಿದಳು.

ಎರಡು ತಿಂಗಳ ಮೇಲೆ ಅವನು, “ಮಿಸ್, ರೆಡಿ ಆಗಿದೆ, ಬಂದು ಕೇಳಿ” ಎಂದ. ಹೋದೆ. ಕಿವಿಗೆ ಹೆಡ್‌ಫೋನ್ ಹಾಕಿದ. ಹಸು ಇಲ್ಲ. ಲಾರಿ ಇಲ್ಲ. ಕೋಗಿಲೆ ಇಲ್ಲ. ಕೆಮ್ಮು ಇಲ್ಲ. ಉಸಿರು ತೆಗೆದುಕೊಂಡ ಸದ್ದೂ ಇಲ್ಲ. ಒಂದು ಶುದ್ಧವಾದ, ದುಂಡಾದ ಹೆಣ್ಣು ದನಿ ದೊಡ್ಡ ಗುಡಿಯ ನವರಂಗದಲ್ಲಿ ನಿಂತು ಹಾಡುತ್ತಿತ್ತು. ಹಿಂದೆ ಮೆಲ್ಲಗೆ ಒಂದು ತಂಬೂರಿ. ಚೆನ್ನಾಗಿತ್ತು. ಚೆನ್ನಾಗಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ನನಗೆ ಸಿಟ್ಟು ಬಂತು. “ನನ್ನ ಅತ್ತೆ ಎಲ್ಲಿ?” ಎಂದು ಕೇಳಿದೆ.

ಅವನು ನಕ್ಕು, ಯಂತ್ರವನ್ನು ನನ್ನ ಕಡೆ ತಿರುಗಿಸಿದ. ಓದುಗರಿಗೂ ಅದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ನನ್ನ ಪ್ರಶ್ನೆ ಅದರ ಹೊಟ್ಟೆಯಿಂದಲೇ ಬಂದದ್ದು. ಹಿಂದೆ ಇಂಥ ಕೆಲಸಕ್ಕೆ ಬೆಂಗಳೂರಿನ ದೊಡ್ಡ ಸ್ಟುಡಿಯೋಗೆ ಹೋಗಬೇಕಿತ್ತು. ಗೋಡೆಯುದ್ದದ ಮೇಜು, ಅದರ ತುಂಬ ಗುಂಡಿಗಳು, ಗಂಟೆಗಿಷ್ಟು ಬಾಡಿಗೆ. 2011ರಲ್ಲಿ ಐಪ್ಯಾಡಿಗೆ ಗ್ಯಾರೇಜ್‌ಬ್ಯಾಂಡ್ ಎಂಬ ಆ್ಯಪ್ ಬಂತು. 2015ರಿಂದ ಇನ್ನೊಂದು ಅನುಕೂಲವಾಯಿತು: ಬೇರೆ ಬೇರೆಯವರು ಮಾಡಿದ ಪರಿಣಾಮದ ಆ್ಯಪ್‌ಗಳನ್ನು ಒಂದೇ ಆ್ಯಪಿನೊಳಗೆ ಒಂದರ ಹಿಂದೆ ಒಂದು ಪೆಟ್ಟಿಗೆಗಳ ಹಾಗೆ ಜೋಡಿಸಿಕೊಳ್ಳಬಹುದು. ದನಿ ಒಂದು ಪೆಟ್ಟಿಗೆಯಿಂದ ಹೊರಬಿದ್ದು ಇನ್ನೊಂದಕ್ಕೆ ಹೋಗುತ್ತದೆ. ಬೇಡದ ಪೆಟ್ಟಿಗೆಯನ್ನು ಬೆರಳಿನಿಂದ ಎಳೆದು ಹಾಕಬಹುದು, ಜಾಗ ಬದಲಿಸಬಹುದು.

ಮೊದಲ ಪೆಟ್ಟಿಗೆ ಗದ್ದಲ ತೆಗೆಯುವುದು. ಎರಡನೆಯದು ಸ್ವರ ತಿದ್ದುವುದು; ದನಿ ಸ್ಥಾನ ಬಿಟ್ಟು ಕೊಂಚ ಆಚೀಚೆ ಆದರೆ ಹತ್ತಿರದ ಸ್ವರಕ್ಕೆ ಎಳೆದು ಕೂರಿಸುತ್ತದೆ. ಮೂರನೆಯದು ಈಕ್ವಲೈಸರ್, ದನಿಯ ತಗ್ಗಿನ ಭಾಗ, ನಡುವಿನ ಭಾಗ, ಮೇಲಿನ ಭಾಗಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವುದು. ನಾಲ್ಕನೆಯದು ಕಂಪ್ರೆಸರ್. ಅದು ನನಗೆ ತಕ್ಷಣ ಅರ್ಥವಾಯಿತು, ಏಕೆಂದರೆ ತರಗತಿಯಲ್ಲಿ ನಾನು ಮಾಡುವುದೂ ಅದೇ: ಕಿರುಚುವವನನ್ನು ಸುಮ್ಮನಿರಿಸಿ, ಪಿಸುಗುಟ್ಟುವವಳ ಮಾತು ಎಲ್ಲರಿಗೂ ಕೇಳುವಂತೆ ಮಾಡುವುದು. ಐದನೆಯದು ರಿವರ್ಬ್, ಜಗುಲಿಯಲ್ಲಿ ಹಾಡಿದ್ದನ್ನು ಗುಡಿಯಲ್ಲಿ ಹಾಡಿದಂತೆ ಮಾಡುವುದು. ದನಿಗೂ ತಂಬೂರಿಗೂ ಪರಸ್ಪರ ಹದ ಕೂಡಿಸುವ ಈ ಕೆಲಸಕ್ಕೆ ಮಿಕ್ಸಿಂಗ್ ಎಂದು ಹೆಸರು. ಎಲ್ಲ ಕೂಡಿ ಒಂದಾದ ಮೇಲೆ ಕೊನೆಯ ಹೊಳಪು ಕೊಟ್ಟು, ಎಲ್ಲಿ ಕೇಳಿದರೂ ಸಮನಾಗಿ ಕೇಳುವಂತೆ ಗಟ್ಟಿತನ ಹೊಂದಿಸುವುದು ಮಾಸ್ಟರಿಂಗ್. ತುಂಬ ಗಟ್ಟಿ ಮಾಡಿದರೂ ಉಪಯೋಗವಿಲ್ಲವಂತೆ. ಹಾಡು ಕೇಳಿಸುವ ಈಗಿನ ದೊಡ್ಡ ಸೇವೆಗಳು ಅತಿ ಗಟ್ಟಿಯಾದದ್ದನ್ನು ತಾವೇ ಇಳಿಸಿ ಎಲ್ಲವನ್ನೂ ಒಂದು ಮಟ್ಟಕ್ಕೆ ತರುತ್ತವೆ.

“ಪೆಟ್ಟಿಗೆಗಳ ಕ್ರಮ ಮುಖ್ಯ ಮಿಸ್” ಎಂದ. “ಗದ್ದಲ ತೆಗೆಯುವುದಕ್ಕೆ ಮುಂಚೆ ಕಂಪ್ರೆಸರ್ ಹಾಕಿದರೆ ದನಿಯ ಜೊತೆ ಗದ್ದಲವೂ ಮೇಲಕ್ಕೆ ಬರುತ್ತೆ.” ರಾಗಿಯನ್ನು ಕೇರಿ ಆಮೇಲೆ ಬೀಸಬೇಕು, ಬೀಸಿದ ಮೇಲೆ ಹಿಟ್ಟಿನಲ್ಲಿ ಕಲ್ಲು ಹೆಕ್ಕುವುದಕ್ಕಾಗುತ್ತದೆಯೆ? ಅತ್ತೆಗೆ ಹೇಳಿದ್ದರೆ ಒಂದೇ ಮಾತಿಗೆ ಅರ್ಥವಾಗುತ್ತಿತ್ತು.

ಅಂದು ನಾನು ಅವನ ಜೊತೆ ಜಗಳವಾಡಿದೆ. ಇದು ಮೋಸ ಎಂದೆ. ಮುದುಕಿಯ ಹಾಡೆಂದು ಹೇಳಿ ಜನರಿಗೆ ಬೇರೆ ಯಾರದೋ ದನಿ ಕೇಳಿಸಿದಂತಾಯಿತು ಎಂದೆ. ಇದ್ದದ್ದನ್ನು ಇದ್ದ ಹಾಗೆ ಇಡುವುದೇ ಸತ್ಯ ಎಂದೆ. ಅವನು ತಲೆ ತಗ್ಗಿಸಿಕೊಂಡೇ ಕೇಳಿದ: “ನೀವು ನಮ್ಮ ಪ್ರಬಂಧ ತಿದ್ದುತ್ತಿರಲಿಲ್ಲವಾ ಮಿಸ್?” ಆ ಮಾತಿಗೆ ಆಗ ನಾನು ಉತ್ತರ ಕೊಡಲಿಲ್ಲ. ಮುಂದೆ ಕೊಡುತ್ತೇನೆ.

ಬಸ್ಸಿನಲ್ಲಿ ಕೋಲಾರಕ್ಕೆ ಬರುವಾಗ ನನ್ನ ವಾದವನ್ನು ನಾನೇ ಪರೀಕ್ಷಿಸಿದೆ. ಇದ್ದದ್ದನ್ನು ಇದ್ದ ಹಾಗೆ ಇಡುವುದು ಎಂದರೇನು? ಮೈಕು ಎಲ್ಲಿಟ್ಟರೆ ಇದ್ದ ಹಾಗೆ? ಬಾಯಿಯ ಹತ್ತಿರ ಇಟ್ಟರೆ ಹಸು ಚಿಕ್ಕದಾಗುತ್ತದೆ, ಹಿತ್ತಲಲ್ಲಿಟ್ಟರೆ ಅತ್ತೆ ಚಿಕ್ಕವಳಾಗುತ್ತಾಳೆ. ಇಟ್ಟ ಜಾಗವೇ ಒಂದು ತಿದ್ದುಪಡಿ. ಇನ್ನೂ ಹಿಂದಕ್ಕೆ ಹೋಗೋಣ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡನ್ನು ಗ್ರಾಮಫೋನ್ ತಟ್ಟೆಗೆ ಹಿಡಿದರು. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಆಕೆ ತಟ್ಟೆ ತಡೆಯುವ ಮೂರು ನಿಮಿಷಗಳೊಳಗೆ ಕೂಡಿಸಿ, ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಬೇಕಾಯಿತು. ಜರ್ಮನಿಯಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಹಾಡಿದವರು ಯಾರೆಂದು ತಿಳಿಯಲಿ ಎಂದು. ಅದು ಯಂತ್ರಕ್ಕಾಗಿ ಹಾಡು ತನ್ನನ್ನು ತಾನೇ ತಿದ್ದಿಕೊಂಡ ಬಗೆ. ನಮ್ಮಲ್ಲೇ ನೋಡಿ: 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿದರು. ಆ ಪುಸ್ತಕವನ್ನು ನಾವೆಲ್ಲ ಕಣ್ಣಿಗೊತ್ತಿಕೊಂಡು ಓದಿದ್ದೇವೆ. ಅದರಲ್ಲಿ ಕೆಮ್ಮು ಇಲ್ಲ, ಉಸಿರಿಲ್ಲ, ಅಷ್ಟೇ ಏಕೆ, ದನಿಯೇ ಇಲ್ಲ. ಹಾಡಿದ ಹೆಂಗಸರ ಗಂಟಲನ್ನು ಪೂರ್ತಿ ತೆಗೆದು ಅಕ್ಷರವನ್ನಷ್ಟೇ ಉಳಿಸಿಕೊಟ್ಟ ಆ ಕೆಲಸವನ್ನು ನಾನು ಎಂದೂ ಮೋಸ ಎನ್ನಲಿಲ್ಲ. ಉಪಕಾರ ಎಂದೇ ಮಕ್ಕಳಿಗೆ ಪಾಠ ಹೇಳಿದ್ದೇನೆ. ಹಾಗಿರುವಾಗ ಕೆಮ್ಮನ್ನು ಮಾತ್ರ ತೆಗೆದ ಈ ಹುಡುಗನ ಮೇಲೆ ನನಗೇಕೆ ಸಿಟ್ಟು?

ಹಾಗಾದರೆ ತಿದ್ದುವುದೆಲ್ಲ ಸರಿಯೆ ಎಂದುಕೊಂಡರೆ ಅದಕ್ಕೂ ಮನಸ್ಸು ಒಪ್ಪಲಿಲ್ಲ. ಸ್ವರ ತಿದ್ದುವ ಆ ಪೆಟ್ಟಿಗೆಯ ಕಥೆಯನ್ನು ಕೇಳಿ. ಅಂಥದ್ದರಲ್ಲಿ ಹೆಸರಾದ ಆಟೋಟ್ಯೂನ್ 1997ರಲ್ಲಿ ಬಂತು. ಅದನ್ನು ಮಾಡಿದ ಆ್ಯಂಡಿ ಹಿಲ್ಡೆಬ್ರಾಂಡ್ ಎಂಬಾತ ಮೊದಲು ಎಣ್ಣೆ ಹುಡುಕುವವರಿಗಾಗಿ ಕೆಲಸ ಮಾಡುತ್ತಿದ್ದವನು. ನೆಲಕ್ಕೆ ಪೆಟ್ಟು ಕೊಟ್ಟು, ಒಳಗಿನ ಬಂಡೆಯ ಪದರಗಳಿಂದ ಮರಳಿ ಬರುವ ಅಲೆಗಳನ್ನು ಲೆಕ್ಕ ಹಾಕಿ ಎಣ್ಣೆ ಎಲ್ಲಿದೆ ಎಂದು ತಿಳಿಯುವ ಗಣಿತವದು. ಅಂಥ ಗಣಿತವನ್ನೇ ಅವನು ಮನುಷ್ಯನ ಗಂಟಲಿಗೆ ಹಚ್ಚಿದ. ಕೆ.ಜಿ.ಎಫ್. ಇರುವ ಜಿಲ್ಲೆಯವರಾದ ನಮಗೆ ಈ ಮಾತು ವಿಚಿತ್ರವಲ್ಲ. ನೆಲದೊಳಗಿನ ಬಂಡೆಯ ಸದ್ದಿಗೆ ಕಿವಿಗೊಟ್ಟು ಬದುಕಿದ ಕುಟುಂಬಗಳು ನಮ್ಮ ನಡುವೆ ಇವೆ. ಆದರೆ ಬಂಡೆಗೆ ಮನಸ್ಸಿಲ್ಲ. ಅದು ಸುಮ್ಮನೆ ಎಲ್ಲಿದೆಯೋ ಅಲ್ಲಿದೆ. ಗಂಟಲು ಹಾಗಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಅದು ಜಾರುವಾಗ, ನಡುವೆ ನಿಲ್ಲುವಾಗ, ಅದು ತಪ್ಪಿಯೂ ಇರಬಹುದು, ಬೇಕೆಂದೇ ಹಾಗೆ ಮಾಡಿರಲೂಬಹುದು. ಹನ್ನೆರಡು ಮನೆಗಳ ಏಣಿಯನ್ನಿಟ್ಟುಕೊಂಡ ಪೆಟ್ಟಿಗೆ, ಎರಡು ಮೆಟ್ಟಿಲುಗಳ ನಡುವೆ ನಿಂತವರನ್ನೆಲ್ಲ ಬಿದ್ದವರೆಂದೇ ತಿಳಿದು ಎತ್ತಿ ಕೂರಿಸುತ್ತದೆ.

ಹೀಗೆ ಎರಡೂ ಕಡೆ ನಿಲ್ಲಲಾರದೆ, ಕೊನೆಗೆ ಹಾಡಿದವಳನ್ನೇ ಕೇಳೋಣ ಎಂದು ಆಷಾಢದ ಒಂದು ಭಾನುವಾರ ಹುಡುಗನನ್ನು ಕರೆದುಕೊಂಡು ಅತ್ತೆಯ ಊರಿಗೆ ಹೋದೆ. ಅದುವರೆಗೆ ಅವಳನ್ನು ಕೇಳಬೇಕೆಂದು ನಮ್ಮಿಬ್ಬರಲ್ಲಿ ಒಬ್ಬರಿಗೂ ತೋಚಿರಲಿಲ್ಲ ಎಂಬುದನ್ನು ಇಲ್ಲಿ ನಾಚಿಕೆಯಿಂದ ಬರೆಯುತ್ತಿದ್ದೇನೆ. ಅವನು ಅವಳ ಪರವಾಗಿ ಅಂದ ನಿರ್ಧರಿಸಿದ್ದ, ನಾನು ಅವಳ ಪರವಾಗಿ ಸತ್ಯ ನಿರ್ಧರಿಸಿದ್ದೆ.

ಅತ್ತೆ ಹೆಡ್‌ಫೋನ್ ಒಲ್ಲೆ ಎಂದಳು. ಸಣ್ಣ ಸ್ಪೀಕರಿನಲ್ಲಿ ಹಾಕಿದ. ಸೆರಗು ಬಾಯಿಗಿಟ್ಟುಕೊಂಡು ಕೇಳಿದಳು. ಮೊದಲನೆಯದು ಮುಗಿದ ಮೇಲೆ, “ಯಾರಮ್ಮಾ ಇವಳು? ಚೆನ್ನಾಗಿ ಏಳ್ತಾಳೆ” ಎಂದಳು. ನಾನು ಗೆದ್ದೆ ಎಂದುಕೊಂಡೆ. “ನೋಡಿದೆಯಾ, ಅವರ ದನಿ ಅವರಿಗೇ ಗುರುತು ಸಿಗಲಿಲ್ಲ” ಎಂದು ಹುಡುಗನ ಕಡೆ ನೋಡಿದೆ. ಅತ್ತೆ ನಕ್ಕಳು. “ಗುರ್ತು ಸಿಗದೆ ಏನಮ್ಮಣ್ಣಿ, ತಮಾಷೆಗೆ ಅಂದೆ. ಆದ್ರೆ ನಾನ್ಯಾವ ಗುಡಿಯೊಳಗೆ ನಿಂತಿದ್ದೀನಿ? ರಾಗಿ ಬೀಸೋ ಪದಾನ ಗುಡಿಯೊಳಗೆ ಯಾರು ಏಳ್ತಾರೆ?” ಹುಡುಗ ರಿವರ್ಬ್ ಪೆಟ್ಟಿಗೆಯನ್ನು ಎಳೆದುಹಾಕಿದ. ಅತ್ತೆ ಜಗುಲಿಗೆ ಬಂದಳು.

“ಕೆಮ್ಮು ತೆಗೆದುಬಿಟ್ಟಿದ್ದಾನೆ ಅತ್ತೆ, ಮತ್ತೆ ಹಾಕಿಸಲಾ?” ಎಂದು ಕೇಳಿದೆ. ಅವಳು ನನ್ನನ್ನು ಬುದ್ಧಿ ಕಡಿಮೆಯಾದವಳನ್ನು ನೋಡುವಂತೆ ನೋಡಿದಳು. “ನೀನು ಮದುವೆಗೆ ಓಗುವಾಗ ತಲೆ ಬಾಚ್ಕೊಂಡು ಓಗಲ್ವಾ? ನನ್ನ ಕೆಮ್ಮು ಊರವರಿಗೆ ಯಾಕೆ ಕೇಳಿಸಬೇಕು? ಅದು ನಂದು.” ನನ್ನ ಸತ್ಯ ಅಲ್ಲಿಗೆ ಮುಗಿಯಿತು. ಹಸು, ಕೋಳಿ, ಲಾರಿ ಬೇಡವೆಂದಳು. ಕೋಗಿಲೆ ಇರಲಿ ಎಂದಳು. ತಂಬೂರಿ ಬೇಡ, “ನಮ್ಮ ಮನೇಲಿ ಯಾರೂ ಅದನ್ನ ಮೀಟಿಲ್ಲ” ಎಂದಳು.

ಮೂರನೆಯದು ಹೆಣ್ಣನ್ನು ಗಂಡನ ಮನೆಗೆ ಕಳಿಸುವ ಹಾಡು. ಅರ್ಧ ಆದ ಮೇಲೆ ಕೈ ಎತ್ತಿ ನಿಲ್ಲಿಸಿದಳು. “ಇಲ್ಲಿ ಏನು ಮಾಡಿದೆಯಪ್ಪಾ?” ಹುಡುಗ ಹಿಂಜರಿಯುತ್ತಾ, ದನಿ ಸ್ವಲ್ಪ ಕೆಳಗೆ ಬಿದ್ದಿತ್ತು, ಎತ್ತಿ ಕೂರಿಸಿದೆ ಎಂದ. “ಅದು ಬಿದ್ದಿದ್ದಲ್ಲ. ಅಲ್ಲಿ ಮಗಳು ಒಸಲು ದಾಟ್ತಾಳೆ. ಅಲ್ಲಿ ಗಂಟಲು ಕಟ್ಟಬೇಕು. ನಮ್ಮಮ್ಮ ಅಂಗೇ ಏಳ್ತಿದ್ದಳು. ನೆಟ್ಟಗೆ ಏಳೋಕೆ ನಂಗೆ ಬರಲ್ಲ ಅಂದ್ಕೊಂಡೆಯಾ?” ಎಂದವಳೇ ಅದೇ ಸಾಲನ್ನು ನೆಟ್ಟಗೆ ಹೇಳಿ ತೋರಿಸಿದಳು. ಎಂಬತ್ತು ದಾಟಿದ ಗಂಟಲು ಆ ಸ್ವರದ ಮೇಲೆ ಗೂಟ ಹೊಡೆದ ಹಾಗೆ ನಿಂತಿತು. ಆಮೇಲೆ ಮತ್ತೆ ಜಾರಿಸಿ ಹೇಳಿದಳು. ಹುಡುಗ ಏನೂ ಮಾತಾಡದೆ ಸ್ವರ ತಿದ್ದುವ ಪೆಟ್ಟಿಗೆಯನ್ನು ಆರಿಸಿದ.

ಅಂದು ನನಗೆ ತಿಳಿದದ್ದು ಇಷ್ಟು. ಕೆಮ್ಮು ಮತ್ತು ಗಂಟಲು ಕಟ್ಟಿದ ಆ ಜಾರಿಕೆ, ಎರಡೂ ಯಂತ್ರಕ್ಕೆ ಒಂದೇ: ಇರಬೇಕಾದ ಜಾಗದಲ್ಲಿ ಇಲ್ಲದ ಸದ್ದು. ಹುಡುಗನಿಗೆ ಎರಡೂ ತಪ್ಪು. ನನಗೆ ಎರಡೂ ಸತ್ಯ. ಅತ್ತೆಗೆ ಮಾತ್ರ ಒಂದು ಕಾಯಿಲೆ, ಇನ್ನೊಂದು ಹಾಡು. ಯಾವುದು ತಪ್ಪು, ಯಾವುದು ಆಯ್ಕೆ ಎಂಬ ಗೆರೆ ಹಾಡಿನಲ್ಲಿ ಇಲ್ಲ, ಯಂತ್ರದಲ್ಲಿಯೂ ಇಲ್ಲ, ಹಾಡಿದವರ ಮನಸ್ಸಿನಲ್ಲಿ ಇದೆ. ಅದನ್ನು ತಿಳಿಯಲು ಕೇಳುವುದೊಂದೇ ದಾರಿ.

ನಮ್ಮ ಶ್ರೀನಿವಾಸಪುರದ ಮಾವಿನ ಕಡೆ ಒಂದು ವ್ಯವಹಾರ ಎಲ್ಲರಿಗೂ ಗೊತ್ತು. ಬಲಿತ ಕಾಯನ್ನು ಹುಲ್ಲಿನಲ್ಲಿಟ್ಟು ಕಾಯುವುದು ಒಂದು ಬಗೆ. ಎಳೆಯ ಕಾಯಿಗೆ ಕಾರ್ಬೈಡ್ ಇಟ್ಟು ಎರಡು ದಿನಕ್ಕೆ ಹಳದಿ ಬರಿಸುವುದು ಇನ್ನೊಂದು ಬಗೆ. ಅದನ್ನು ಕಾನೂನು ನಿಷೇಧಿಸಿದೆ. ಹೊರಗೆ ನೋಡಿದರೆ ಎರಡೂ ಹಣ್ಣೇ. ಎರಡರಲ್ಲೂ ಮನುಷ್ಯನ ಕೈ ಇದೆ. ವ್ಯತ್ಯಾಸವೆಂದರೆ, ಹುಲ್ಲು ಕಾಯಿ ತಾನಾಗಿ ಹೊರಟ ದಾರಿಯಲ್ಲಿ ಜೊತೆಗೆ ನಡೆಯುತ್ತದೆ. ಕಾರ್ಬೈಡ್ ಕಾಯಿಯನ್ನು ಕೇಳದೆ ಅದರ ಮೈಮೇಲೆ ತನ್ನ ಬಣ್ಣ ಬಳಿಯುತ್ತದೆ. ತಿದ್ದುವುದರಲ್ಲಿಯೂ ಈ ಎರಡು ಬಗೆಗಳಿವೆ ಎಂದು ನನಗೆ ತೋರುತ್ತದೆ.

ಈಗ ಹುಡುಗ ಅಂದು ಕೇಳಿದ ಪ್ರಶ್ನೆಗೆ ಬರುತ್ತೇನೆ. ಹೌದು, ನಾನು ಪ್ರಬಂಧ ತಿದ್ದುತ್ತಿದ್ದೆ. ಒಂದನ್ನು ಕಾರ್ಬೈಡ್ ಇಟ್ಟೇ ತಿದ್ದಿದ್ದೆ.

2006ರ ಮಾತು. ಆಗಿನ್ನೂ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿರಲಿಲ್ಲ. ಕೋಲಾರ ಜಿಲ್ಲೆ ಎಂದರೆ ಗೌರಿಬಿದನೂರಿನವರೆಗೆ. ನಾನು ಆಗ ಇದ್ದ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ, ‘ನಮ್ಮೂರಿನ ಕೆರೆ’ ಎಂಬ ವಿಷಯದ ಮೇಲೆ ಒಂದು ಪ್ರಬಂಧ ಬರೆದು ತಂದಳು. ಕೆರೆ ಬತ್ತಿದ ವರ್ಷ ಅವಳ ಅಪ್ಪ ಕೆರೆಯಂಗಳದಲ್ಲಿ ಮಣ್ಣು ತೆಗೆದು ಮಾಲೂರಿನ ಇಟ್ಟಿಗೆ ಗೂಡಿಗೆ ಹೊಡೆಯುತ್ತಿದ್ದ ಸಂಗತಿ, ಮಣ್ಣಿನಲ್ಲಿ ಸಿಕ್ಕಿದ ಒಂದು ಕಪ್ಪೆ ಚಿಪ್ಪು, ಅದನ್ನು ಅವಳು ಕಂಪಾಸ್ ಡಬ್ಬಿಯಲ್ಲಿ ಇಟ್ಟುಕೊಂಡದ್ದು. ಕಾಗುಣಿತ ತುಂಬ ತಪ್ಪು. ವಾಕ್ಯಗಳು ಅರ್ಧರ್ಧ. ಸ್ಪರ್ಧೆಗೆ ಎರಡು ದಿನ ಉಳಿದಿತ್ತು. ನಾನು ಆ ರಾತ್ರಿ ಕುಳಿತು ಅದನ್ನು ಚೊಕ್ಕ ಮಾಡಿದೆ. ಕೆರೆಗಳ ಇತಿಹಾಸ ಸೇರಿಸಿದೆ, ಜಲಸಂರಕ್ಷಣೆಯ ಮಹತ್ವ ಸೇರಿಸಿದೆ, ಒಂದು ಒಳ್ಳೆಯ ಮುಕ್ತಾಯ ಬರೆದೆ. ಅಪ್ಪ ಮಣ್ಣು ತೆಗೆದ ಸಂಗತಿಯನ್ನು ಬಿಟ್ಟುಬಿಟ್ಟೆ. ತೀರ್ಪುಗಾರರು ಏನೆಂದುಕೊಳ್ಳುತ್ತಾರೋ ಎಂದು. ಚಿಪ್ಪು ಸಣ್ಣ ವಿಷಯವೆಂದು ಹೊಡೆದುಹಾಕಿದೆ. ಅವಳು ಅದನ್ನು ಬಾಯಿಪಾಠ ಮಾಡಿ ಬರೆದು ಬಂದಳು. ತಾಲ್ಲೂಕಿಗೆ ಮೊದಲ ಬಹುಮಾನ ಬಂತು. ಸ್ಟೀಲಿನ ತಟ್ಟೆ, ಪ್ರಮಾಣಪತ್ರ. ನಾನು ಹೆಮ್ಮೆಯಿಂದ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರ ಮುಂದೆ ಕೊಡಿಸಿದೆ.

ಆ ಹುಡುಗಿ ಮತ್ತೆ ನನ್ನ ಹತ್ತಿರ ಏನನ್ನೂ ಬರೆದು ತರಲಿಲ್ಲ. ಅದನ್ನು ನಾನು ಗಮನಿಸಲೂ ಇಲ್ಲ. ಎಷ್ಟೋ ವರ್ಷಗಳ ಮೇಲೆ ಮುಳಬಾಗಿಲಿನ ಬಸ್ ಸ್ಟ್ಯಾಂಡಿನಲ್ಲಿ ಕಂಕುಳಲ್ಲಿ ಮಗು ಎತ್ತಿಕೊಂಡು ಸಿಕ್ಕಿದಳು. ಕಾಲಿಗೆ ನಮಸ್ಕಾರ ಮಾಡಿದಳು. ಮಾತಿಗೆ ಮಾತು ಬಂದು, “ನಿನಗೆ ಪ್ರಬಂಧಕ್ಕೆ ಬಹುಮಾನ ಬಂದಿತ್ತಲ್ಲ, ಈಗಲೂ ಬರೀತೀಯಾ?” ಎಂದೆ. ಅವಳು ನಗುತ್ತಲೇ, “ಅದು ನಿಮ್ಮ ಪ್ರಬಂಧ ಅಲ್ವಾ ಮಿಸ್? ತಟ್ಟೆ ಮಾತ್ರ ನಂದು” ಎಂದಳು. ಕೋಪದಿಂದ ಹೇಳಲಿಲ್ಲ. ಲೆಕ್ಕ ಒಪ್ಪಿಸುವ ಹಾಗೆ ಹೇಳಿದಳು. ಅವಳ ಬಸ್ಸು ಬಂತು, ಹೋದಳು. ಅವಳ ಮೂಲ ಹಾಳೆಯನ್ನು ನಾನು ಇಟ್ಟುಕೊಂಡಿರಲಿಲ್ಲ. ಚೊಕ್ಕ ಪ್ರತಿ ಆದ ಮೇಲೆ ಅದು ನನಗೆ ಕಸ.

ಅವಳ ಕಾಗುಣಿತ ತಿದ್ದಿದ್ದು ತಪ್ಪಲ್ಲ, ಅದು ಕೆಮ್ಮು. ಅವಳೂ ಬೇಡವೆನ್ನುತ್ತಿರಲಿಲ್ಲ. ಆದರೆ ಅಪ್ಪನನ್ನೂ ಚಿಪ್ಪನ್ನೂ ತೆಗೆದದ್ದು ಹೊಸಲು ದಾಟುವ ಜಾಗದಲ್ಲಿ ಗಂಟಲನ್ನು ನೆಟ್ಟಗೆ ಮಾಡಿದ ಹಾಗೆ. ಕೇಳಿದ್ದರೆ, ಹದಿನಾಲ್ಕು ವರ್ಷದ ಹುಡುಗಿಯಾದರೂ ಹೇಳುತ್ತಿದ್ದಳೋ ಏನೋ. ನಾನು ಕೇಳಲಿಲ್ಲ. ಕೇಳದೆ ತಿದ್ದಿದರೆ ತಿದ್ದಿಸಿಕೊಂಡವರಿಗೆ ಆಗುವ ನಷ್ಟ ತಪ್ಪು ಹೇಳಿದ್ದರಿಂದ ಆಗುವ ಅವಮಾನವಲ್ಲ. ಆದದ್ದು ತನ್ನದಲ್ಲ ಎನಿಸುವುದು. ಅಂದ ಹೆಚ್ಚಿದಷ್ಟೂ ಆ ನಷ್ಟ ಹೆಚ್ಚುತ್ತದೆ, ಏಕೆಂದರೆ ಎಲ್ಲರೂ ಹೊಗಳುತ್ತಾರೆ, ಹೊಗಳಿಕೆ ಸೇರುವುದು ಬೇರೆಯವರಿಗೆ ಎಂದು ಅವರಿಗೊಬ್ಬರಿಗೇ ಗೊತ್ತಿರುತ್ತದೆ.

ಕೇಳುವುದೇ ದಾರಿ ಎಂದು ಬರೆದೆ. ಬರೆಯುವುದು ಸುಲಭ. ಕೇಳಬೇಕಾದವರೇ ಇಲ್ಲದಿದ್ದರೆ?

ಅಂದು ಅತ್ತೆ ಮೂರು ಹಾಡು ಕೇಳುವ ಹೊತ್ತಿಗೆ ದಣಿದಿದ್ದಳು. ಉಳಿದ ಎರಡು ಇನ್ನೊಂದು ದಿನ ಎಂದಳು. ಶಾಲೆ, ಪರೀಕ್ಷೆ, ಚುನಾವಣೆಯ ಮತದಾರರ ಪಟ್ಟಿಯ ಕೆಲಸ ಎಂದು ನಾನು ಮುಂದೂಡಿದೆ. 2023ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ವಾರದಲ್ಲಿ ಅತ್ತೆ ತೀರಿಕೊಂಡಳು. ವರ್ಷದ ತಿಥಿಗೆ ಮನೆಯವರಿಗೆಲ್ಲ ಐದೂ ಹಾಡು ಕೊಡಬೇಕು ಎಂದು ಅವಳ ಮಗ, ನನ್ನ ಭಾವ ಕೇಳಿದ. ನಾನು ಮತ್ತೆ ಮಾಲೂರಿನ ಆ ಕೋಣೆಯಲ್ಲಿ ಕುಳಿತೆ.

ಒಂದು ಸಮಾಧಾನವಿತ್ತು. ಹುಡುಗ ಮೂಲ ಮುದ್ರಣವನ್ನು ಅಳಿಸಿರಲಿಲ್ಲ. ಪೆಟ್ಟಿಗೆಗಳ ಸಾಲಿನಲ್ಲಿ ದನಿ ಹಾದುಹೋದರೂ ಮೊದಲ ಕಡತ ಹಾಗೆಯೇ ಉಳಿಯುತ್ತದೆ. ನಾವೇ ಜಾಗ ಸಾಲದೆಂದು ಅಳಿಸಿದರೆ ಮಾತ್ರ ಹೋಗುತ್ತದೆ. ನನ್ನ ಕೆಂಪು ಶಾಯಿಗಿಂತ ಈ ಯಂತ್ರ ಈ ಒಂದು ವಿಷಯದಲ್ಲಿ ದಯಾವಂತ. ನಮ್ಮ ಕೆ.ಜಿ.ಎಫ್. ನೆನಪಾಯಿತು. ಟನ್ನುಗಟ್ಟಲೆ ಕಲ್ಲು ಅರೆದು ಕೆಲವೇ ಗ್ರಾಂ ಚಿನ್ನ ತೆಗೆದು, ಉಳಿದದ್ದನ್ನು ಕಸವೆಂದು ಸುರಿದು ಗುಡ್ಡ ಮಾಡಿದರು. ಜನ ಅದನ್ನು ಸೈನೈಡ್ ಗುಡ್ಡ ಎಂದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆ ಗುಡ್ಡಗಳಲ್ಲಿ ಉಳಿದಿರುವ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರದ ಯೋಜನೆಗೆ 2024ರಲ್ಲಿ ರಾಜ್ಯದ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಒಂದು ಕಾಲದವರಿಗೆ ಕಸವಾದದ್ದು ಇನ್ನೊಂದು ಕಾಲದವರಿಗೆ ಕಸವಲ್ಲ. ಆದ್ದರಿಂದ ತಿದ್ದುವವರಿಗೆ ಮೊದಲ ನಿಯಮ ಇದಾಗಬೇಕು: ಮೂಲವನ್ನು ಅಳಿಸಬೇಡ. ಬಿಟ್ಟ ತಪ್ಪನ್ನು ನಾಳೆ ತಿದ್ದಬಹುದು, ತೆಗೆದ ಸತ್ಯವನ್ನು ನಾಳೆ ತರಲಾಗುವುದಿಲ್ಲ.

ನಾಲ್ಕನೆಯ ಹಾಡು ಕಷ್ಟವಾಗಲಿಲ್ಲ. ಅತ್ತೆ ಮೂರು ಹಾಡುಗಳಲ್ಲಿ ಹೇಳಿಕೊಟ್ಟ ಕ್ರಮವನ್ನೇ ಇಟ್ಟೆವು. ಕೆಮ್ಮು ತೆಗೆದೆವು, ಸ್ವರ ಮುಟ್ಟಲಿಲ್ಲ, ಗುಡಿ ಇಲ್ಲ, ತಂಬೂರಿ ಇಲ್ಲ. ಐದನೆಯದರಲ್ಲಿ ಸಿಕ್ಕಿಹಾಕಿಕೊಂಡೆವು. ಅದು ಬೀಸುವ ಪದ. ಅದರ ಕೊನೆಯ ನುಡಿಯಲ್ಲಿ ಒಂದು ಮಾತಿನ ನಡುವೆಯೇ ಕೆಮ್ಮು ಬಂದಿದೆ. ಕೆಮ್ಮು ತೆಗೆದರೆ ಮಾತೂ ಅರ್ಧ ಹೋಗುತ್ತದೆ. “ಹಿಂದಿನ ನುಡಿಯಲ್ಲಿ ಇದೇ ಮಾತು ಬರುತ್ತೆ ಮಿಸ್, ಅದನ್ನು ತಂದು ಇಲ್ಲಿ ಹೊಲಿದರೆ ಯಾರಿಗೂ ಗೊತ್ತಾಗಲ್ಲ” ಎಂದ ಹುಡುಗ. ಮಾಡಿಯೂ ತೋರಿಸಿದ. ನಿಜ, ಗೊತ್ತಾಗುವುದಿಲ್ಲ.

ಒಂದು ಕಡೆ ಅತ್ತೆಯ ಮಾತು: ನನ್ನ ಕೆಮ್ಮು ಊರವರಿಗೆ ಯಾಕೆ ಕೇಳಿಸಬೇಕು. ಅದು ಸ್ಪಷ್ಟವಾದ ಮಾತು. ಇನ್ನೊಂದು ಕಡೆ, ಅವಳು ಆ ಜಾಗದಲ್ಲಿ ಹೇಳದೇ ಇದ್ದ ಮಾತನ್ನು ಅವಳ ಬಾಯಲ್ಲಿ ಹೇಳಿಸುವುದು. ಕೆಮ್ಮು ತೆಗೆಯುವುದು ಒಂದು, ದನಿಯನ್ನು ಹೊಲಿಯುವುದು ಇನ್ನೊಂದು. ಮೊದಲನೆಯದಕ್ಕೆ ಒಪ್ಪಿಗೆ ಇತ್ತು. ಎರಡನೆಯದನ್ನು ಅವಳು ಕೇಳಿಯೂ ಇರಲಿಲ್ಲ, ಇಂಥದ್ದು ಸಾಧ್ಯ ಎಂದು ಅವಳಿಗೆ ತಿಳಿದೂ ಇರಲಿಲ್ಲ. ತಿಳಿಯದ ವಿಷಯಕ್ಕೆ ಒಪ್ಪಿಗೆ ಎಲ್ಲಿಂದ ಬರುತ್ತದೆ? ಸತ್ತವರ ಒಪ್ಪಿಗೆಯನ್ನು ಊಹಿಸುವಾಗ ನಮಗೆ ಬೇಕಾದದ್ದನ್ನೇ ಊಹಿಸುತ್ತೇವೆ ಎಂಬ ಭಯವೂ ಆಯಿತು.

ಬಹಳ ಹೊತ್ತು ಕುಳಿತಿದ್ದೆವು. ಎರಡು ರೈಲು ಹೋದವು. ಕೊನೆಗೆ ಆ ಒಂದು ಕೆಮ್ಮನ್ನು ತಗ್ಗಿಸಿ ಹಾಗೆಯೇ ಬಿಟ್ಟೆವು. ಮಾತು ಅರ್ಧ ಕೇಳಿಸುತ್ತದೆ, ಕೆಮ್ಮು ಮೆಲ್ಲಗೆ ಕೇಳಿಸುತ್ತದೆ. ಹಾಡುಗಳ ಜೊತೆ ಒಂದು ಚೀಟಿಯಲ್ಲಿ, ಏನೇನು ತೆಗೆದಿದ್ದೇವೆ, ಏನನ್ನು ಮುಟ್ಟಿಲ್ಲ, ಮೂಲ ಯಾರ ಹತ್ತಿರ ಇದೆ ಎಂದು ಬರೆದುಕೊಟ್ಟೆ. ತಿಥಿಯ ದಿನ ಎಲ್ಲರೂ ಕೇಳಿದರು. ಐದನೆಯ ಹಾಡಿನ ಆ ಜಾಗ ಬಂದಾಗ ಭಾವ ಮುಖ ತಿರುಗಿಸಿಕೊಂಡ. ಅವನಿಗೆ ಅಮ್ಮ ಸಿಕ್ಕಿದಳೋ, ಅಮ್ಮನ ಕಾಯಿಲೆ ನೆನಪಾಗಿ ಸಂಕಟವಾಯಿತೋ ನಾನು ಕೇಳಲಿಲ್ಲ. ಅತ್ತೆ ಇದ್ದಿದ್ದರೆ ನನ್ನನ್ನು ಬೈಯುತ್ತಿದ್ದಳೇನೋ. ನಾನು ಮಾಡಿದ್ದು ಸರಿ ಎಂದು ಇವತ್ತಿಗೂ ನನಗೆ ಪೂರ್ತಿ ಧೈರ್ಯವಿಲ್ಲ. ಆದರೆ ತಪ್ಪಾಗಿದ್ದರೆ ಅದನ್ನು ತಿದ್ದಲು ಮುಂದಿನವರಿಗೆ ಜಾಗ ಬಿಟ್ಟಿದ್ದೇನೆ ಎಂಬಷ್ಟು ಧೈರ್ಯವಿದೆ.

ಮಕ್ಕಳ ನೋಟ್‌ಬುಕ್‌ಗಳನ್ನು ಈಗಲೂ ಮನೆಗೆ ತರುತ್ತೇನೆ. ‘ಆಲು’ ಎಂದು ಬರೆದರೆ ಈಗಲೂ ಸುತ್ತು ಹಾಕಿ ‘ಹಾಲು’ ಎಂದೇ ಬರೆಯುತ್ತೇನೆ. ಪರೀಕ್ಷೆಯಲ್ಲಿ ಅಂಕ ಕಳೆದುಕೊಂಡರೆ ಅವರಿಗೆ ನಷ್ಟ. ಆದರೆ ಪ್ರಬಂಧದಲ್ಲಿ ನನಗೆ ವಿಚಿತ್ರವೆನಿಸುವ ಸಾಲು ಬಂದಾಗ ಕೆಂಪು ಪೆನ್ನನ್ನು ಕೆಳಗಿಟ್ಟು, ಸೀಸದ ಕಡ್ಡಿಯಿಂದ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತೇನೆ. ಮಾರನೆಯ ದಿನ ಹುಡುಗನನ್ನೋ ಹುಡುಗಿಯನ್ನೋ ಕರೆದು, ಇದನ್ನು ಬೇಕೆಂದು ಬರೆದೆಯಾ, ಕೈತಪ್ಪಿ ಬಂತಾ ಎಂದು ಕೇಳುತ್ತೇನೆ. ಹೆಚ್ಚಿನವರು ಕೈತಪ್ಪಿ ಬಂತು ಎನ್ನುತ್ತಾರೆ. ಮೇಡಂ ಕೇಳಿದ ಮೇಲೆ ತಪ್ಪೇ ಇರಬೇಕು ಎಂಬುದು ಅವರ ಲೆಕ್ಕ. ಅಪರೂಪಕ್ಕೆ ಒಬ್ಬರು ಸ್ವಲ್ಪ ಹೊತ್ತು ನೆಲ ನೋಡಿ, “ಬೇಕಂತ್ಲೇ ಬರೆದಿದ್ದು ಮಿಸ್” ಎನ್ನುತ್ತಾರೆ. ಆಗ ನಾನು ಆ ಚಿಹ್ನೆಯನ್ನು ಅವರ ಎದುರಿಗೇ ರಬ್ಬರಿನಿಂದ ಅಳಿಸುತ್ತೇನೆ.